ಅಲಾರಂನ ಬ್ಯಾಟರಿ ಟಿವಿ ರಿಮೋಟ್‌ನಲ್ಲಿ

ಮಡಿಕೇರಿ ಸುತ್ತಮುತ್ತಲಿನ ಹೋಂಸ್ಟೇ, ತೋಟದ ಮನೆಗಳಲ್ಲಿ ನನ್ನದು ವೈರಿಂಗ್ ಕೆಲಸ. ಈಚೆಗೆ ಹೊಗೆ ಬಂದರೆ ಕೂಗುವ ಸ್ಮೋಕ್ ಅಲಾರಂ ನೋಡಿಕೊಳ್ಳುವುದೂ ನನ್ನ ಪಾಲಿಗೇ ಬಂದಿದೆ. ಕೆಟ್ಟುಹೋದ ಅಲಾರಂ ಕಾಣಸಿಗುವುದು ಕಡಿಮೆ, ಬ್ಯಾಟರಿ ಕಿತ್ತ ಅಲಾರಂ ಮಾತ್ರ ಧಾರಾಳ. "ಸೆಲ್ ಎಲ್ಲಿ ಆಂಟಿ?" ಅಂದರೆ ಟಿವಿ ರಿಮೋಟ್ ಕಡೆ ಕೈ ತೋರಿಸುತ್ತಾರೆ. "ಸುಮ್ಮಸುಮ್ಮನೆ ಕೂಗ್ತದೆ ಮಾರಾಯ, ಗೆಸ್ಟ್‌ಗಳೆಲ್ಲ ನಡುರಾತ್ರಿ ಎದ್ದು ಕೂತ್ರು."

ಅವರನ್ನು ಬೈಯುವ ಹಾಗಿಲ್ಲ. ಈಗ ಮನೆಗಳಿಗೆ ಹಾಕುವ ಅಲಾರಂ ಹೆಚ್ಚಾಗಿ ಫೋಟೋಎಲೆಕ್ಟ್ರಿಕ್. ಒಳಗೊಂದು ಕತ್ತಲೆ ಗೂಡು, ಅದರಲ್ಲೊಂದು ಎಲ್‌ಇಡಿ, ಅದರ ಬೆಳಕು ನೇರವಾಗಿ ಬೀಳದಂತೆ ಓರೆಗೆ ಕೂರಿಸಿದ ಸೆನ್ಸರ್. ಹೊಗೆ ಹೊಕ್ಕರೆ ಬೆಳಕು ಚದುರಿ ಸೆನ್ಸರ್‌ಗೆ ತಾಗುತ್ತದೆ, ಅಲಾರಂ ಹೊಡೆದುಕೊಳ್ಳುತ್ತದೆ. ಬೆಳಕು ಚದುರಿಸಿದ್ದು ಹೊಗೆಯೋ, ಬಚ್ಚಲ ಹಬೆಯೋ, ಕಿಟಕಿಯಿಂದ ನುಗ್ಗಿದ ಮಂಜೋ, ಗೂಡಿನಲ್ಲಿ ಬಲೆ ಕಟ್ಟಿದ ಜೇಡವೋ, ಅದಕ್ಕೆ ತಿಳಿಯದು. ಮಳೆಗಾಲದಲ್ಲಿ ಗಾಳಿಬೀಡು, ಭಾಗಮಂಡಲದ ಕಡೆ ಇದೆಲ್ಲಕ್ಕೂ ಬರವಿಲ್ಲ.

ಹಾಗಾಗಿ ಏಣಿ ಹತ್ತುವ ಮೊದಲು ನಾನು ಕೇಳುವುದು, ಯಾವ ಹೊತ್ತಿಗೆ ಕೂಗಿತು, ಹೇಗೆ ಕೂಗಿತು ಅಂತ. ಅರ್ಧ ರಿಪೇರಿ ಅಲ್ಲೇ ಮುಗಿಯುತ್ತದೆ. ಯಾರೋ ಬಿಸಿನೀರು ಸ್ನಾನ ಮಾಡಿ ಬಾಗಿಲು ತೆರೆದಾಗ ಕೂಗಿದ್ದರೆ, ಅಲಾರಂ ಬಚ್ಚಲ ಬಾಗಿಲಿಗೆ ತೀರಾ ಹತ್ತಿರ ಇದೆ ಅಂತ ಅರ್ಥ. ಒಗ್ಗರಣೆ ಹೊತ್ತಿಗಾದರೆ ಒಲೆಯಿಂದ ಕನಿಷ್ಠ 3 ಮೀಟರ್ ದೂರ ಸರಿಸಬೇಕು. ಅಡುಗೆಮನೆಯ ಒಳಗೇ ಬೇಕು ಅನ್ನುವವರಿಗೆ ಬಿಸಿಗೆ ಮಾತ್ರ ಕೂಗುವ ಹೀಟ್ ಅಲಾರಂ ಸರಿ. ಸೌದೆ ಒಲೆ ಇರುವ ಅಡುಗೆಮನೆಗೆ ಅದು ಬಿಟ್ಟು ಬೇರೆ ದಾರಿಯೇ ಇಲ್ಲ.

ಇನ್ನು ಡಿಸೆಂಬರ್, ಜನವರಿಯ ಬೆಳಗಿನ ಜಾವದ ದೂರು. ಬಿಡದೆ ಕೂಗಿತಾ ಅಂತ ಕೇಳಿದರೆ, ಇಲ್ಲ, ನಿಮಿಷಕ್ಕೊಮ್ಮೆ ಕೀಂ ಅಂತಿತ್ತು ಅನ್ನುತ್ತಾರೆ. ಅದು ಬ್ಯಾಟರಿ ಮುಗಿಯುತ್ತಾ ಬಂದ ಸೂಚನೆ. ಚಳಿಗೆ ಬ್ಯಾಟರಿಯ ವೋಲ್ಟೇಜ್ ಇಳಿಯುತ್ತದೆ, ಬಿಸಿಲೇರಿದರೆ ಸದ್ದು ನಿಂತುಬಿಡುತ್ತದೆ. ನಿಂತಿತಲ್ಲ ಅಂತ ಸುಮ್ಮನಾಗುತ್ತಾರೆ, ಮರುದಿನ ಮತ್ತೆ ಅದೇ ಹೊತ್ತಿಗೆ ಶುರು. ವರ್ಷಕ್ಕೊಂದು ಸಲ ಬ್ಯಾಟರಿ ಬದಲಿಸಿದರೆ ಈ ಕಾಟ ಇಲ್ಲ.

ಮಳೆ ಹಿಡಿಯುವ ಮೊದಲು ಒಮ್ಮೆ, ಕಾಫಿ ಒಣಗಿಸಿ ಕಣದ ಧೂಳು ಅಡಗಿದ ಮೇಲೆ ಒಮ್ಮೆ ಮೆತ್ತನೆ ಬ್ರಷ್‌ನಿಂದಲೋ ವ್ಯಾಕ್ಯೂಮ್ ಕ್ಲೀನರ್‌ನಿಂದಲೋ ಅಲಾರಂನೊಳಗೆ ಹೊಗೆ ಹೋಗುವ ಕಿಂಡಿ ಶುಚಿ ಮಾಡುತ್ತೇನೆ. ಒದ್ದೆ ಬಟ್ಟೆ ಬೇಡ. ಹುಳ ಹೊಕ್ಕಿದೆ ಅಂತ ಸೊಳ್ಳೆ ಸ್ಪ್ರೇ ಹೊಡೆಯುವುದಂತೂ ಬೇಡವೇ ಬೇಡ. ಸೀಸನ್‌ಗೆ ಮೊದಲು ಪೇಂಟ್ ಮಾಡಿಸುವವರು ಅಲಾರಂ ಬಿಚ್ಚಿಟ್ಟರೆ ಒಳ್ಳೆಯದು. ಸೀಲಿಂಗ್ ಜೊತೆ ಅದಕ್ಕೂ ಬಿಳಿ ಬಳಿದರೆ ಕಿಂಡಿ ಮುಚ್ಚಿಹೋಗುತ್ತದೆ, ಆಮೇಲೆ ಹೊಸದು ತರುವುದೇ.

ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ ಅಂದರೆ ಜನ ಒತ್ತುತ್ತಾರೆ, ಅದರಲ್ಲಿ ತಕರಾರಿಲ್ಲ. ತಕರಾರು ಬರುವುದು ಹತ್ತು ವರ್ಷದ ಲೆಕ್ಕಕ್ಕೆ. ಹಿಂಬದಿಯಲ್ಲಿ ತಯಾರಾದ ದಿನಾಂಕ ಇರುತ್ತದೆ, ಅಲ್ಲಿಂದ 10 ವರ್ಷಕ್ಕೆ ಇಡೀ ಅಲಾರಂ ಬದಲಿಸಬೇಕು. "ಬಟನ್ ಒತ್ತಿದ್ರೆ ಚೆನ್ನಾಗೇ ಕೂಗ್ತದಲ್ಲ?" ಅಂತ ವಾದ ಮಾಡುತ್ತಾರೆ. ಬಟನ್ ಒತ್ತಿದಾಗ ಗೊತ್ತಾಗುವುದು ಬ್ಯಾಟರಿ, ಸರ್ಕ್ಯೂಟ್, ಸದ್ದು ಸರಿ ಇದೆ ಅಂತ. ಸೆನ್ಸರ್ ಎಷ್ಟು ಮಂಕಾಗಿದೆ, ಹೊಗೆ ಒಳಗೆ ಹೋಗುತ್ತದೋ ಇಲ್ಲವೋ ಅದರಲ್ಲಿ ಗೊತ್ತಾಗುವುದಿಲ್ಲ.

ಚಳಿಗೆ ರೂಮಿನೊಳಗೆ ಕೆಂಡದ ಅಗ್ಗಿಷ್ಟಿಕೆ ಕೇಳುವ ಗೆಸ್ಟ್‌ಗಳಿದ್ದಾರೆ. ಅಲಾರಂ ಇದೆಯಲ್ಲ, ಏನಾಗ್ತದೆ ಅನ್ನುವ ಮಾಲೀಕರೂ ಇದ್ದಾರೆ. ಉರಿದು ನಿಗಿನಿಗಿ ಕೆಂಡವಾದ ಇದ್ದಿಲಿನಲ್ಲಿ ಹೊಗೆಯೇ ಇರುವುದಿಲ್ಲ, ಅದು ಬಿಡುವ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಾನು ಹಾಕಿಕೊಟ್ಟ ಅಲಾರಂ ಅದಕ್ಕೆ ಕೂಗುವುದೂ ಇಲ್ಲ. ಅದಕ್ಕೆ ಬೇರೆಯೇ ಅಲಾರಂ ಬರುತ್ತದೆ. ಅದನ್ನು ಹಾಕಿದರೂ ಕೆಂಡ ಅಂಗಳದಲ್ಲೇ ಇರಲಿ, ರೂಮಿಗೆ ಇನ್ನೊಂದು ಕಂಬಳಿ ಕೊಡಿ ಅನ್ನುತ್ತೇನೆ.