ಗಿಡದ ರೈಬೋಸೋಮ್ ಜೀನುಗಳಲ್ಲಿ ಯಾವುದು ದುಡಿಯಬೇಕೆಂದು ನಿರ್ಧರಿಸುವುದು ಏನು?

ಸಸ್ಯಗಳ ಜೀನುಗಳ ಬಗ್ಗೆ ಮಾತು ಬಂದಾಗಲೆಲ್ಲ ವಿದ್ಯಾರ್ಥಿಗಳು ನನ್ನನ್ನು ಕೇಳುವ ಪ್ರಶ್ನೆ ಒಂದೇ: ಜೀವಕೋಶದಲ್ಲಿ ಪ್ರೋಟೀನು ಕಟ್ಟುವ ಯಂತ್ರವಾದ ರೈಬೋಸೋಮಿನ ಆರ್‌ಎನ್‌ಎ ತಯಾರಿಸುವ ಜೀನುಗಳು ಒಂದೊಂದು ಗಿಡದಲ್ಲೂ ನೂರಾರು ಇವೆಯಲ್ಲ, ಅವೆಲ್ಲವೂ ಒಟ್ಟಿಗೆ ದುಡಿಯುತ್ತವೆಯೇ?

ಇಲ್ಲ. ಪ್ರಯೋಗಾಲಯಗಳಲ್ಲಿ ಬೆಳೆಸುವ ಅರಬಿಡಾಪ್ಸಿಸ್ ಥಾಲಿಯಾನ ಎಂಬ ಪುಟ್ಟ ಗಿಡವನ್ನೇ ನೋಡೋಣ. ಅದರ 2 ಮತ್ತು 4ನೇ ವರ್ಣತಂತುಗಳ ತುದಿಗಳಲ್ಲಿ, ಒಂದೊಂದು ಕಡೆ ಸುಮಾರು 375ರಂತೆ, ಈ ಜೀನುಗಳು ಸಾಲಾಗಿ ಕುಳಿತಿವೆ. ಆರ್‌ಎನ್‌ಎ ಪಾಲಿಮರೇಸ್ ಒಂದು ಎಂಬ ಕಿಣ್ವ ಇವನ್ನು ಪ್ರತಿಲೇಖಿಸುತ್ತದೆ, ಅಂದರೆ ಆರ್‌ಎನ್‌ಎ ಆಗಿ ನಕಲಿಸುತ್ತದೆ. ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸುವ ಕೊಲಂಬಿಯಾ ತಳಿಯಲ್ಲಿ, ಮೊಳಕೆಯೊಡೆದ ಹೊಸತರಲ್ಲಿ ಎರಡೂ ಸಾಲುಗಳು ಸಕ್ರಿಯವಾಗಿರುತ್ತವೆ. ಎಲೆಗಳು ಬಲಿಯುತ್ತ ಬಂದಂತೆ 2ನೆಯದರ ಸಾಲು ಮುಚ್ಚಿಕೊಳ್ಳುತ್ತದೆ, 4ನೆಯದು ತೆರೆದೇ ಇರುತ್ತದೆ. ಎರಡು ಸಾಲುಗಳ ಜೀನುಗಳೂ ಹೆಚ್ಚುಕಡಿಮೆ ಒಂದೇ ರೂಪದವು ಎಂಬುದನ್ನು ಗಮನಿಸಬೇಕು. ಹಾಗಾಗಿ, ಜೀನಿನ ಹಣೆಬರಹವನ್ನು ಬರೆಯುವುದು ಅದರ ಅಕ್ಷರಗಳಿಗಿಂತ ಅದು ಕುಳಿತ ಜಾಗ ಎಂದೇ ನಾನು ಉತ್ತರಿಸುತ್ತೇನೆ. ಬೆಳವಣಿಗೆಯ ಸಂಕೇತಗಳಿಗೆ ತಕ್ಕಂತೆ, ತೆರೆದಿರುವ ಜೀನುಗಳ ದುಡಿಮೆಯ ವೇಗವೂ ಏರಿಳಿಯುತ್ತದೆ; ಅದು ಬೇರೆಯೇ ಹತೋಟಿ.

ಮುಚ್ಚುವ ಬಗೆ ಹೇಗೆ? ಡಿಎನ್‌ಎಯ ಸೈಟೊಸಿನ್ ಎಂಬ ಅಕ್ಷರಗಳಿಗೆ ಮೀಥೈಲ್ ಗುಂಪುಗಳು ಅಂಟಿಕೊಳ್ಳುತ್ತವೆ, ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನುಗಳಿಂದ ಎಚ್‌ಡಿಎ6 ಎಂಬ ಕಿಣ್ವ ಅಸಿಟೈಲ್ ಗುಂಪುಗಳನ್ನು ಕಿತ್ತುಹಾಕುತ್ತದೆ, ಎಳೆ ಬಿಗಿಯಾಗುತ್ತದೆ. ಮೀಥೈಲ್ ಅಂಟುವುದನ್ನು ತಡೆಯುವ ರಾಸಾಯನಿಕ ಕೊಟ್ಟರೂ ಮಲಗಿದ ಜೀನುಗಳು ಏಳುತ್ತವೆ, ಅಸಿಟೈಲ್ ತೆಗೆಯುವುದನ್ನು ತಡೆದರೂ ಏಳುತ್ತವೆ. ಎರಡನ್ನೂ ಒಟ್ಟಿಗೆ ಕೊಟ್ಟರೆ ಹೆಚ್ಚಿನ ಪರಿಣಾಮವೇನೂ ಕಾಣುವುದಿಲ್ಲ. 1997ರಲ್ಲಿ ಸಂಶೋಧಕರಾದ ಚೆನ್ ಮತ್ತು ಪಿಕಾರ್ಡ್ ಸಾಸಿವೆ, ಎಲೆಕೋಸುಗಳ ಕುಲವಾದ ಬ್ರಾಸಿಕಾದ ಸಸ್ಯಗಳಲ್ಲಿ ಇದನ್ನು ತೋರಿಸಿದರು. ಎರಡೂ ಬೇರೆ ಬೇರೆ ಬೀಗಗಳಲ್ಲ, ಒಂದೇ ಬೀಗದ ಭಾಗಗಳು ಎಂಬ ತೀರ್ಮಾನಕ್ಕೆ ಇದೇ ಆಧಾರ. ಇಡೀ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಪ್ರಯೋಗವೂ ಇದೇ.

ಈ ಮೌನ ಮೊದಲು ಕಣ್ಣಿಗೆ ಬಿದ್ದದ್ದು ಮಿಶ್ರತಳಿಗಳಲ್ಲಿ. ಕ್ರೆಪಿಸ್ ಗಿಡಗಳ ಮಿಶ್ರತಳಿಯಲ್ಲಿ ಒಬ್ಬ ಪೋಷಕನಿಂದ ಬಂದ ವರ್ಣತಂತುವಿನಲ್ಲಿ, ಈ ಜೀನುಗಳು ದುಡಿದ ಜಾಗದಲ್ಲಿ ಕಾಣುವ ಕಿರಿದಾದ ಸಂದು ಮಾಯವಾಗುವುದನ್ನು ರಷ್ಯಾದ ನವಾಶಿನ್ 1934ರಲ್ಲಿ ವರದಿ ಮಾಡಿದರು. ನಮ್ಮ ಒಗ್ಗರಣೆಗೆ ಬೀಳುವ ಸಾಸಿವೆಯಲ್ಲೂ ಇಂಥದೇ ಕಥೆಯಿದೆ. ಬ್ರಾಸಿಕಾ ಜುನ್ಸಿಯಾ ಎಂಬ ಸಾಸಿವೆ, ಕಪ್ಪು ಸಾಸಿವೆಯಾದ ಬ್ರಾಸಿಕಾ ನೈಗ್ರ ಹಾಗೂ ಬ್ರಾಸಿಕಾ ರಾಪಾಗಳ ಕೂಡಿಕೆಯಿಂದ ಹುಟ್ಟಿದ್ದು. ಅದರ ಎಲೆಗಳಲ್ಲಿ ನೈಗ್ರದ ಜೀನುಗಳು ದುಡಿಯುತ್ತವೆ, ರಾಪಾದವು ಸುಮ್ಮನಿರುತ್ತವೆ. ಆದರೆ ರಾಪಾ ಎಲ್ಲೆಡೆಯೂ ಸೋಲುವುದಿಲ್ಲ. ಎಲೆಕೋಸಿನ ಜಾತಿಯಾದ ಬ್ರಾಸಿಕಾ ಒಲರೇಸಿಯಾದೊಡನೆ ಕೂಡಿ ಹುಟ್ಟಿದ ಬ್ರಾಸಿಕಾ ನೇಪಸ್‌ನಲ್ಲಿ ಮೇಲುಗೈ ಅದರದೇ.

ಸುಮ್ಮನಿರುವ ಜೀನು ಕೆಟ್ಟಿರಬಹುದಲ್ಲ ಎಂದು ಯಾರಾದರೂ ಮರುಪ್ರಶ್ನೆ ಹಾಕಿದರೆ, ನೇಪಸ್ ಗಿಡ ಹೂಬಿಡುವವರೆಗೆ ಕಾಯಿರಿ ಎನ್ನುತ್ತೇನೆ: ಎಲೆಗಳಲ್ಲಿ ಮೌನವಾಗಿದ್ದ ಒಲರೇಸಿಯಾದ ಜೀನುಗಳು ಅದೇ ಗಿಡದ ಹೂವುಗಳಲ್ಲಿ ಮತ್ತೆ ಕೆಲಸಕ್ಕೆ ತೊಡಗುತ್ತವೆ.