ಫಿಲಿಪ್ ರಾಜನ ಊರು ವೆರ್ಗಿನಾ: ಟೂರ್ ವ್ಯಾನ್ ಬೇಡ, ಬಸ್ಸಿನಲ್ಲಿ ಹೋಗಿ

ಗ್ರೀಸ್‌ನ ಉತ್ತರ ಭಾಗಕ್ಕೆ ಹೋಗುವವರು ಸಾಮಾನ್ಯವಾಗಿ ಥೆಸಲೋನಿಕಿಯಲ್ಲಿ ಉಳಿಯುತ್ತಾರೆ. ಅಲ್ಲಿ 'ಅಲೆಕ್ಸಾಂಡರನ ನಾಡು ಒಂದೇ ದಿನದಲ್ಲಿ' ಅನ್ನುವ ಥರದ ಟೂರ್ ಮಾರುವವರು ಸಿಗುತ್ತಾರೆ. ದಯವಿಟ್ಟು ತಗೋಬೇಡಿ. ನಾನು, ನನ್ನ ಹೆಂಡತಿ ತಲಾ 85 ಯೂರೋ ಕೊಟ್ಟು ಹೋದೆವು. ಬೆಳಗಿನ ಒಳ್ಳೆಯ ಹೊತ್ತೆಲ್ಲ ಬೇರೆ ಬೇರೆ ಹೋಟೆಲಿನವರನ್ನು ಹತ್ತಿಸಿಕೊಳ್ಳುವುದರಲ್ಲೇ ಕಳೆಯಿತು. ವೆರ್ಗಿನಾದ ಸಮಾಧಿ ಮ್ಯೂಸಿಯಮ್ಮಿಗೆ ಕೊಟ್ಟ ಸಮಯ ಮುಕ್ಕಾಲು ಗಂಟೆ. ಅರಮನೆ, ರಂಗಮಂದಿರ ಎರಡೂ ಅವರು ಕೊಟ್ಟ ಚೀಟಿಯಲ್ಲಿದ್ದವು. ಬಿಸಿಲು ಜಾಸ್ತಿ, ಮೇಲಕ್ಕೆ ಹತ್ತಬೇಕು ಅಂತ ಹೇಳಿ ಎರಡನ್ನೂ ಬಿಟ್ಟರು. ಆದರೆ ಎಣ್ಣೆ, ಸೋಪು ಮಾರುವ ಅಂಗಡಿಯೊಂದರಲ್ಲಿ ಒಂದು ಗಂಟೆಗೂ ಜಾಸ್ತಿ ಹೊತ್ತು ನಿಲ್ಲಿಸಿದರು. ಸಂಜೆ ದುಡ್ಡು ವಾಪಸ್ ಕೇಳಿದರೆ ಕೊಡಲಿಲ್ಲ.

ಸಿಟ್ಟು ದುಡ್ಡಿಗಲ್ಲ, ಆ ರಂಗಮಂದಿರಕ್ಕೆ. ನಾನು ಅಷ್ಟು ದೂರ ಹೋಗಿದ್ದೇ ಅದನ್ನು ನೋಡಲು. ಅಲೆಕ್ಸಾಂಡರನ ಅಪ್ಪ ಎರಡನೇ ಫಿಲಿಪ್ ಕ್ರಿ.ಪೂ. 336ರಲ್ಲಿ ಸತ್ತದ್ದು ಅಲ್ಲೇ. ವೆರ್ಗಿನಾದ ಹಳೆಯ ಹೆಸರು ಐಗೈ, ಮ್ಯಾಸಿಡೋನಿಯಾದ ಮೊದಲ ರಾಜಧಾನಿ. ಮಗಳು ಕ್ಲಿಯೋಪಾತ್ರಳ ಮದುವೆಗೆ ಗ್ರೀಸ್‌ನ ಎಲ್ಲ ಕಡೆಯಿಂದ ಅತಿಥಿಗಳು ಬಂದಿದ್ದರು. ಬೆಳಗಿನ ಮೆರವಣಿಗೆಯಲ್ಲಿ ಹನ್ನೆರಡು ದೇವರ ಮೂರ್ತಿಗಳ ಜೊತೆ ಹದಿಮೂರನೆಯದಾಗಿ ಫಿಲಿಪನ ಮೂರ್ತಿಯೂ ಇತ್ತು. ಅವನು ಬಿಳಿ ಮೇಲುವಸ್ತ್ರ ಹೊದ್ದು, ಕಾವಲಿನವರನ್ನು ದೂರ ಇಟ್ಟು ಒಳಗೆ ಬಂದ. ಅವನದೇ ಅಂಗರಕ್ಷಕ ಪೌಸಾನಿಯಾಸ್ ನುಗ್ಗಿ ಬಂದು ಇರಿದ. ಕೊಂದವನು ಕುದುರೆಯ ಕಡೆ ಓಡುವಾಗ ಬಳ್ಳಿಗೆ ಕಾಲು ಸಿಕ್ಕಿ ಬಿದ್ದ, ಹಿಂದೆ ಬಂದವರು ಅವನನ್ನು ಅಲ್ಲೇ ಮುಗಿಸಿದರು. ಅದೇ ದಿನಗಳಲ್ಲಿ ಇಪ್ಪತ್ತು ವರ್ಷದ ಅಲೆಕ್ಸಾಂಡರ್ ರಾಜನಾದ. ಇಷ್ಟೆಲ್ಲ ನಡೆದ ಜಾಗವನ್ನು 'ಬಿಸಿಲು' ಅಂತ ಬಿಟ್ಟು ಹೋಗುವುದು ಸರಿಯಾ?

ಹಾಗಾಗಿ ನಾವೇ ಇನ್ನೊಮ್ಮೆ ಹೋದೆವು. ದಾರಿ ಸುಲಭ. ಥೆಸಲೋನಿಕಿಯ ದೊಡ್ಡ ಬಸ್ ನಿಲ್ದಾಣದ ಹೆಸರೇ 'ಮ್ಯಾಸಿಡೋನಿಯಾ'. ಅಲ್ಲಿಂದ ವೇರಿಯಾಗೆ ಬಸ್ಸು ಹಿಡಿಯಿರಿ, ಸುಮಾರು 70 ಕಿ.ಮೀ. ವೇರಿಯಾದಲ್ಲಿ ಇಳಿದು ವೆರ್ಗಿನಾಗೆ ಹೋಗುವ ಸ್ಥಳೀಯ ಬಸ್ಸು ಹತ್ತಿದರೆ ಇನ್ನು ಹನ್ನೆರಡು ಕಿ.ಮೀ. ಅಷ್ಟೇ. ಶನಿವಾರ, ಭಾನುವಾರ ಈ ಎರಡನೇ ಬಸ್ಸು ಕಡಿಮೆ. ವೇರಿಯಾದಲ್ಲಿ ಇಳಿದ ತಕ್ಷಣ ವಾಪಸ್ ಬರುವ ಕೊನೆಯ ಬಸ್ಸಿನ ಸಮಯ ಕೇಳಿ ಬರೆದಿಟ್ಟುಕೊಳ್ಳಿ. ಟ್ಯಾಕ್ಸಿಯಾದರೆ ಹತ್ತುವ ಮೊದಲೇ ಮೀಟರ್ ಹಾಕಲು ಹೇಳಿ.

ಮ್ಯೂಸಿಯಂ ಹೊರಗಿನಿಂದ ನೋಡಿದರೆ ಹುಲ್ಲು ಬೆಳೆದ ಮಣ್ಣಿನ ದಿಬ್ಬ. ಒಳಗೆ ಹೋದರೆ ಕತ್ತಲೆ, ತಂಪು. 1977ರಲ್ಲಿ ಪುರಾತತ್ವಜ್ಞ ಮನೋಲಿಸ್ ಆಂಡ್ರೋನಿಕೋಸ್ ಈ ದಿಬ್ಬ ಅಗೆದಾಗ ಯಾರೂ ಮುಟ್ಟದ ರಾಜ ಸಮಾಧಿ ಸಿಕ್ಕಿತು. ಸಮಾಧಿಗಳನ್ನು ಇದ್ದಲ್ಲೇ ಉಳಿಸಿ ಸುತ್ತಲೂ ಮ್ಯೂಸಿಯಂ ಕಟ್ಟಿದ್ದಾರೆ. ಮೆಟ್ಟಿಲು ಇಳಿದರೆ ಎರಡನೇ ಸಮಾಧಿಯ ಬಾಗಿಲು ಎದುರಿಗೇ ಕಾಣುತ್ತದೆ, ಅದರ ಮೇಲೆ ಬೇಟೆಯ ಚಿತ್ರ. ಹದಿನಾರು ಕಿರಣದ ನಕ್ಷತ್ರ ಇರುವ ಚಿನ್ನದ ಪೆಟ್ಟಿಗೆಯಲ್ಲಿ ಸುಟ್ಟ ಮೂಳೆಗಳಿದ್ದವು. ಚಿನ್ನದ ಓಕ್ ಎಲೆಯ ಕಿರೀಟ ಇದೆ, 313 ಎಲೆ, 68 ಕಾಯಿ. ಕಾಲಿಗೆ ಕಟ್ಟುವ ಲೋಹದ ಕವಚದ ಜೋಡಿಯೊಂದು ಅಳತೆಯಲ್ಲಿ ಸಮ ಇಲ್ಲ. ಫಿಲಿಪನ ಕಾಲಿಗೆ ಯುದ್ಧದಲ್ಲಿ ಪೆಟ್ಟಾಗಿತ್ತು, ಆದ್ದರಿಂದ ಈ ಸಮಾಧಿ ಅವನದೇ ಅಂತ ಒಂದು ವಾದ. ಇಲ್ಲ, ಇದು ಅವನ ಇನ್ನೊಬ್ಬ ಮಗ ಅರ್ಹಿಡಾಯಸ್‌ನದು, ಫಿಲಿಪ್ ಇರುವುದು ಪಕ್ಕದ ಒಂದನೇ ಸಮಾಧಿಯಲ್ಲಿ ಅನ್ನುವ ವಿದ್ವಾಂಸರೂ ಇದ್ದಾರೆ. ಬೆರಳುದ್ದದ ದಂತದ ತಲೆಗಳನ್ನು ಮಾತ್ರ ತಪ್ಪಿಸಬೇಡಿ. ಗಡ್ಡ ಇರುವ ಒಂದು ಮುಖ ಫಿಲಿಪನದು ಅಂತಾರೆ. ಕ್ರಿ.ಪೂ. 354ರಲ್ಲಿ ಮೆಥೋನೆಯ ಮುತ್ತಿಗೆಯಲ್ಲಿ ಬಾಣ ತಗುಲಿ ಅವನ ಒಂದು ಕಣ್ಣು ಹೋಗಿತ್ತು. ನಾನು ಆ ಗಾಜಿನ ಮುಂದೆ ತುಂಬಾ ಹೊತ್ತು ನಿಂತಿದ್ದೆ.

ನಡು ಬೆಳಿಗ್ಗೆ ದೊಡ್ಡ ಬಸ್ಸುಗಳ ಗುಂಪು ನುಗ್ಗುತ್ತದೆ. ಆ ಕತ್ತಲೆಯಲ್ಲಿ ಐದಾರು ಗೈಡುಗಳು ಒಟ್ಟಿಗೆ ಮಾತಾಡಿದರೆ ನನಗಂತೂ ತಡೆಯಲಾಗುವುದಿಲ್ಲ. ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ, ಎರಡು ಗಂಟೆ ಇಟ್ಟುಕೊಳ್ಳಿ.

ಆಮೇಲೆ ಅರಮನೆಗೆ ನಡೆಯಿರಿ. ಏರು ದಾರಿ, ನೀರು ಜೊತೆಗಿರಲಿ. ಹದಿನಾರು ವರ್ಷ ದುರಸ್ತಿ ಮಾಡಿ 2024ರ ಜನವರಿಯಲ್ಲಿ ಇದನ್ನು ಮತ್ತೆ ತೆರೆದರು. ಕಟ್ಟಿಸಿದವನು ಫಿಲಿಪ್. ನೆಲದಲ್ಲಿ ಬೆಣಚು ಕಲ್ಲು ಜೋಡಿಸಿ ಮಾಡಿದ ಹೂಬಳ್ಳಿ ನೋಡಿ. ಕೆಳಗೆ ಕಾಣುವುದೇ ಆ ರಂಗಮಂದಿರ. ಕಲ್ಲಿನ ಆಸನ ಮುಂದಿನ ಸಾಲಿನಲ್ಲಿ ಮಾತ್ರ, ಉಳಿದದ್ದು ಇಳಿಜಾರು ನೆಲ. ನೋಡಲು ಏನೂ ಇಲ್ಲ ಅಂತ ಕೆಲವರು ಹೇಳಬಹುದು. ಕಥೆ ಗೊತ್ತಿದ್ದವರಿಗೆ ಅಲ್ಲಿಂದ ಏಳಲು ಮನಸ್ಸಾಗುವುದಿಲ್ಲ.

ಹೋಗುವ ಮೊದಲು ಇಷ್ಟು ತಿಳಿದಿರಲಿ. ಕ್ರಿ.ಪೂ. 359ರಲ್ಲಿ ಫಿಲಿಪನ ಅಣ್ಣ ಪಕ್ಕದ ನಾಡಿನ ಇಲ್ಲಿರಿಯನ್ನರ ಜೊತೆ ಯುದ್ಧದಲ್ಲಿ ಸತ್ತ, ಜೊತೆಗೆ ನಾಲ್ಕು ಸಾವಿರ ಸೈನಿಕರು. ಸುತ್ತ ಎಲ್ಲರೂ ಆ ನಾಡನ್ನು ಹರಿದು ತಿನ್ನಲು ಕಾದಿದ್ದರು. ಹುಡುಗನಾಗಿದ್ದಾಗ ಗ್ರೀಸ್‌ನ ಥೀಬ್ಸ್ ನಗರದಲ್ಲಿ ಒತ್ತೆಯಾಳಾಗಿದ್ದ ಫಿಲಿಪ್, ಅಲ್ಲಿಯ ಸೈನ್ಯವನ್ನು ಹತ್ತಿರದಿಂದ ನೋಡಿದ್ದ. ರಾಜನಾದ ಮೇಲೆ ತನ್ನ ಕಾಲಾಳುಗಳ ಕೈಗೆ ಐದು ಮೀಟರ್‌ಗೂ ಉದ್ದದ ಸರಿಸಾ ಈಟಿ ಕೊಟ್ಟ. ಗಾಡಿ ಬಿಡಿಸಿ, ಸಾಮಾನು ಬೆನ್ನ ಮೇಲೆ ಹೊರಿಸಿ ನಡೆಸಿದ. ಪಾಂಗಾಯೋನ್ ಬೆಟ್ಟದ ಚಿನ್ನದ ಗಣಿ ಹಿಡಿದ. ಅಲೆಕ್ಸಾಂಡರ್ ನಮ್ಮ ಝೀಲಂ ನದಿಯ ದಡಕ್ಕೆ ತಂದದ್ದು ಅಪ್ಪ ಕಟ್ಟಿದ ಸೈನ್ಯವನ್ನೇ. ನಮ್ಮ ಶಾಲೆಯಲ್ಲಿ ಪೌರವನ ಪಾಠ ಓದುವಾಗ ಯಾರೂ ಇದನ್ನು ಹೇಳಿಕೊಡಲಿಲ್ಲ.

ಊಟಕ್ಕೆ ವೆರ್ಗಿನಾದಲ್ಲಿ ಕೂರಬೇಡಿ, ವೇರಿಯಾಗೆ ವಾಪಸ್ ಬನ್ನಿ. ಬಸ್ ನಿಲ್ದಾಣದಿಂದ ಹಳೆ ಪೇಟೆಯ ಕಡೆ ನಡೆದರೆ ಅಡುಗೆ ಮಾಡಿ ದೊಡ್ಡ ತಟ್ಟೆಗಳಲ್ಲಿ ಗಾಜಿನ ಹಿಂದೆ ಇಟ್ಟಿರುವ ಸಣ್ಣ ಊಟದ ಅಂಗಡಿಗಳಿವೆ. ಮೆನು ಓದುವ ಕಷ್ಟ ಇಲ್ಲ, ಬೆರಳು ತೋರಿಸಿದರೆ ಸಾಕು. ನಾವು ಹೋದ ಅಂಗಡಿಯಲ್ಲಿ ವಯಸ್ಸಾದ ಅಮ್ಮ ಒಬ್ಬರೇ ಬಡಿಸುತ್ತಿದ್ದರು. ಟೊಮೆಟೊ ರಸದಲ್ಲಿ ಬೇಯಿಸಿದ ದಪ್ಪ ಬಿಳಿ ಕಾಳು 'ಗಿಗಾಂತೆಸ್', ನಿಂಬೆ ಹಿಂಡಿದ ಬೇಯಿಸಿದ ಸೊಪ್ಪು 'ಹೋರ್ತಾ', ಬಿಸಿ ಬ್ರೆಡ್ಡು. ಕಾಳು ಬಾಯಲ್ಲಿ ಕರಗುವಷ್ಟು ಬೆಂದಿತ್ತು. ನನ್ನ ಹೆಂಡತಿ ಎರಡನೇ ಸಲ ಹಾಕಿಸಿಕೊಂಡಳು, ಅದಕ್ಕೆ ದುಡ್ಡು ತಗೊಳ್ಳಲಿಲ್ಲ. ಇಬ್ಬರಿಗೂ ಸೇರಿ ಹದಿನೈದು ಯೂರೋ ಕೂಡ ಆಗಲಿಲ್ಲ. ಸಸ್ಯಾಹಾರಿಗಳು 'ನಿಸ್ತಿಸಿಮೊ' ಅಂತ ಕೇಳಿ. ಅದು ಅವರ ಉಪವಾಸದ ಅಡುಗೆ, ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ. ಸಿಗಡಿ, ಕಪ್ಪೆಚಿಪ್ಪು ಮಾತ್ರ ಅದರಲ್ಲಿ ನಡೆಯುತ್ತದೆ, ಆದ್ದರಿಂದ ಅದನ್ನೂ ಕೇಳಿಯೇ ತಗೊಳ್ಳಿ. ಅನ್ನ ತುಂಬಿದ ದಪ್ಪ ಮೆಣಸಿನಕಾಯಿಯಲ್ಲಿ ಒಮ್ಮೊಮ್ಮೆ ಕೀಮಾ ಸೇರಿಸುತ್ತಾರೆ. ಕೊನೆಗೆ ವೇರಿಯಾದ ರೆವಾನಿ ತಿನ್ನಿ. ರವೆಯ ಕೇಕನ್ನು ಸಕ್ಕರೆ ಪಾಕದಲ್ಲಿ ನೆನೆಸಿ ಮಾಡಿದ ಸಿಹಿ, ಊರಿಗೇ ಹೆಸರು ತಂದಿರುವುದು ಅದು.

ಇನ್ನೊಂದು ಎಚ್ಚರಿಕೆ. ಮ್ಯಾಸಿಡೋನಿಯಾ ಅಂದ ಕೂಡಲೇ ಕೆಲವರು ಸ್ಕೋಪ್ಯೆಗೆ ಟಿಕೆಟ್ ತೆಗೆಯುತ್ತಾರೆ. ಅದು ಉತ್ತರ ಮ್ಯಾಸಿಡೋನಿಯಾ, ಬೇರೆ ದೇಶ. ಫಿಲಿಪನ ಐಗೈ, ಆಮೇಲಿನ ರಾಜಧಾನಿ ಪೆಲ್ಲಾ ಎರಡೂ ಗ್ರೀಸ್‌ನಲ್ಲಿವೆ. ಒಂದೇ ಪ್ರವೇಶದ ಷೆಂಗೆನ್ ವೀಸಾ (ಗ್ರೀಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಇದ್ದು ಸ್ಕೋಪ್ಯೆಗೆ ದಾಟಿದರೆ ಅದೇ ವೀಸಾದಲ್ಲಿ ಗ್ರೀಸ್‌ಗೆ ವಾಪಸ್ ಬರಲಾಗುವುದಿಲ್ಲ.

ಪೆಲ್ಲಾಗೆ ಅರ್ಧ ದಿನ ಸಾಕು, ಥೆಸಲೋನಿಕಿಯಿಂದ ಸುಮಾರು 40 ಕಿ.ಮೀ. ಬೆಣಚು ಕಲ್ಲಿನ ಸಿಂಹ ಬೇಟೆಯ ಚಿತ್ರ ಚೆನ್ನಾಗಿದೆ. ಅಥೆನ್ಸ್ ಕಡೆ ಕಾರಿನಲ್ಲಿ ಹೋಗುವವರು ಲಿವಾದಿಯಾ ಹತ್ತಿರ ಖೈರೋನಿಯಾದಲ್ಲಿ ನಿಲ್ಲಿಸಿ. ಕ್ರಿ.ಪೂ. 338ರಲ್ಲಿ ಫಿಲಿಪ್ ಅಥೆನ್ಸ್, ಥೀಬ್ಸ್ ಎರಡನ್ನೂ ಸೋಲಿಸಿದ ಜಾಗ ಅದು. ರಸ್ತೆ ಪಕ್ಕದಲ್ಲೇ ದೊಡ್ಡ ಕಲ್ಲಿನ ಸಿಂಹ ಕೂತಿದೆ. ಅದರ ಬುಡದಲ್ಲಿ ಅಗೆದಾಗ 254 ಅಸ್ಥಿಪಂಜರ ಸಿಕ್ಕವು. ಸಿಂಹಕ್ಕೆ ಟಿಕೆಟ್ ಇಲ್ಲ, ನೋಡಲು ಅರ್ಧ ಗಂಟೆ ಸಾಕು.