ಎಲೆ ಉದುರಿಸುವ ಮೊದಲು ಹೊಳೆಮತ್ತಿ ವಾಪಸ್ ಪಡೆಯುವುದೇನು?

ಮುತ್ತತ್ತಿ, ಭೀಮೇಶ್ವರಿ ಕಡೆಯ ಕಾವೇರಿ ದಂಡೆಯಲ್ಲಿ ಬೇಸಿಗೆ ಕಾಲಿಡುತ್ತಿದ್ದಂತೆ ಹೊಳೆಮತ್ತಿಯ ಎಲೆಗಳು ಹಳದಿಗೆ ತಿರುಗಿ ಉದುರುತ್ತವೆ. ಬಿದ್ದ ಎಲೆ ಕೊಳೆತು ಅದೇ ಮರಕ್ಕೆ ಗೊಬ್ಬರವಾಗುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಹೊಳೆದಂಡೆಯಲ್ಲಿ ಆ ಲೆಕ್ಕ ಅಷ್ಟು ಸಲೀಸಲ್ಲ. ನೀರಿಗೆ ಬಿದ್ದ ಎಲೆ ಹರಿದುಹೋಗುತ್ತದೆ, ದಡದ ಮೇಲೆ ಬಿದ್ದದ್ದನ್ನು ಪ್ರವಾಹ ಬಳಿದುಕೊಂಡು ಹೋಗುತ್ತದೆ. ಮರಕ್ಕೆ ಖಾತ್ರಿಯಾಗಿ ಸಿಗುವುದು ಎಲೆ ಇನ್ನೂ ಕೊಂಬೆಯಲ್ಲಿರುವಾಗಲೇ ಹಿಂದಕ್ಕೆ ಎಳೆದುಕೊಂಡ ಪಾಲು ಮಾತ್ರ.

ಆ ಪಾಲು ಸಣ್ಣದೇನಲ್ಲ. ಜಗತ್ತಿನ ನಾನಾ ಕಡೆಯ ಅಳತೆಗಳನ್ನು ಒಟ್ಟು ಹಾಕಿ ನೋಡಿದರೆ, ಉದುರುವ ಮೊದಲು ಎಲೆಯ ಸಾರಜನಕ ಮತ್ತು ರಂಜಕದಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಮರಗಳು ಮರಳಿ ಪಡೆಯುತ್ತವೆ. ಜಾತಿಯಿಂದ ಜಾತಿಗೆ, ಜಾಗದಿಂದ ಜಾಗಕ್ಕೆ ಇದು ಬಹಳ ಬದಲಾಗುತ್ತದೆ.

ಎಲೆಯ ಸಾರಜನಕದ ಮುಕ್ಕಾಲು ಭಾಗದಷ್ಟು ಇರುವುದು ಹರಿತ್ಕಣಗಳಲ್ಲಿ, ಅದರಲ್ಲೂ ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ರುಬಿಸ್ಕೊ ಎಂಬ ಪ್ರೋಟೀನಿನಲ್ಲಿ. ಎಲೆ ಮುಪ್ಪಾದಾಗ ಕಿಣ್ವಗಳು ಈ ಪ್ರೋಟೀನನ್ನು ಅಮೈನೊ ಆಮ್ಲಗಳಾಗಿ ಒಡೆಯುತ್ತವೆ. ಅದರ ಸಾರಜನಕ ಮುಖ್ಯವಾಗಿ ಗ್ಲುಟಮಿನ್, ಆಸ್ಪರಜಿನ್ ಎಂಬ ಅಮೈನೊ ಆಮ್ಲಗಳ ರೂಪದಲ್ಲಿ ಆಹಾರನಾಳದ (ಎಲೆಯಲ್ಲಿ ತಯಾರಾದ ಆಹಾರವನ್ನು ಮರದ ಇತರ ಭಾಗಗಳಿಗೆ ಒಯ್ಯುವ ಫ್ಲೋಯಂ ನಾಳ) ಮೂಲಕ ರೆಂಬೆಗೆ ಇಳಿದು ತೊಗಟೆಯಲ್ಲಿ ದಾಸ್ತಾನಾಗುತ್ತದೆ, ಇಲ್ಲವೇ ನೇರವಾಗಿ ಚಿಗುರಿಗೆ ಹೋಗುತ್ತದೆ. ರಂಜಕ ಬಿಡುಗಡೆಯಾಗುವುದು ಆರ್‌ಎನ್‌ಎ ಮತ್ತು ಕೋಶಪೊರೆಯ ಕೊಬ್ಬು ಒಡೆದಾಗ. ಪತ್ರಹರಿತ್ತು ಮಾಯವಾಗಿ ಹಳದಿ ಕಾಣಿಸುವುದು ಇದೇ ಹೊತ್ತಿಗೆ. ಆದರೆ ಪತ್ರಹರಿತ್ತಿನ ಒಳಗಿನ ಸಾರಜನಕ ವಾಪಸ್ ಬರುವುದಿಲ್ಲ. ಬಣ್ಣವಿಲ್ಲದ ತುಣುಕುಗಳಾಗಿ ಅದು ಎಲೆಯಲ್ಲೇ ಉಳಿಯುತ್ತದೆ. ಅದು ಎಲೆಯ ಒಟ್ಟು ಸಾರಜನಕದಲ್ಲಿ ತೀರಾ ಅಲ್ಪ ಪಾಲು, ಆದರೂ ಅದನ್ನು ಒಡೆಯಲೇಬೇಕು. ಹಾಗೇ ಬಿಟ್ಟರೆ ಬಿಸಿಲು ಹೀರಿ ಕೋಶವನ್ನೇ ಸುಟ್ಟು, ಉಳಿದ ವಸೂಲಿಗೂ ಕಲ್ಲು ಹಾಕುತ್ತದೆ.

ಕ್ಯಾಲ್ಸಿಯಂ ಕತೆಯೇ ಬೇರೆ. ಅದು ನೀರಿನ ಜೊತೆ ಎಲೆಗೆ ಬರುತ್ತದೆ, ಕೋಶಭಿತ್ತಿಯಲ್ಲೋ ಆಕ್ಸಲೇಟ್ ಹರಳುಗಳಲ್ಲೋ ಗಟ್ಟಿಯಾಗಿ ಕೂರುತ್ತದೆ, ಆಹಾರನಾಳದಲ್ಲಿ ಹಿಂದಕ್ಕೆ ಸಾಗುವುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಎಲೆ ವಯಸ್ಸಾದಷ್ಟೂ ಅದರಲ್ಲಿ ಕ್ಯಾಲ್ಸಿಯಂ ಏರುತ್ತಲೇ ಹೋಗುತ್ತದೆ.

ಅದೇ ದಂಡೆಯಲ್ಲಿ ಬೆಳೆಯುವ ಹೊಂಗೆಯನ್ನು ಹೋಲಿಸಿ ನೋಡುವುದು ಒಳ್ಳೆಯದು. ಹೊಂಗೆಯ ಬೇರುಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿಯುವ ಬ್ಯಾಕ್ಟೀರಿಯಾ ಇರುತ್ತವೆ. ಇಂಥ ಮರಗಳು ಸಾಮಾನ್ಯವಾಗಿ ಸಾರಜನಕದ ವಿಷಯದಲ್ಲಿ ಕೈ ಬಿಗಿ ಹಿಡಿಯುವುದಿಲ್ಲ, ಉದುರಿದ ಎಲೆಯಲ್ಲೂ ಒಂದಷ್ಟು ಬಿಟ್ಟೇ ಹೋಗುತ್ತವೆ. ದಡದ ಮಣ್ಣಿಗೂ ಹೊಳೆಯ ಹುಳುಹುಪ್ಪಟೆಗೂ ಅದರಿಂದ ಲಾಭ.

ನಿಮ್ಮೂರ ಹೊಳೆಯ ಮರ ಎಷ್ಟು ವಾಪಸ್ ಪಡೆಯುತ್ತದೆ ಎಂದು ಅಳೆಯಬಹುದು. ಒಂದು ಜಾತಿಯ ಕನಿಷ್ಠ ಐದು ಮರ ಗುರುತಿಸಿಕೊಳ್ಳಿ. ಪೂರ್ತಿ ಬಲಿತ, ಬಿಸಿಲಿಗೆ ಒಡ್ಡಿಕೊಂಡ, ಹುಳು ತಿನ್ನದ ಹಸಿರೆಲೆಗಳನ್ನು ಪ್ರತಿ ಮರದಿಂದ 20–30 ಕೀಳಿ. ಹೊಳೆಮತ್ತಿಯಾದರೆ ಎಲೆಯ ಬುಡದಲ್ಲಿ ತೊಟ್ಟಿನ ಹತ್ತಿರ ಎರಡು ಸಣ್ಣ ಗ್ರಂಥಿಗಳಿರುತ್ತವೆ, ಜಾತಿ ಖಚಿತಪಡಿಸಿಕೊಳ್ಳಲು ಅವೂ ಒಂದು ಗುರುತು. ಉದುರುವ ಕಾಲದಲ್ಲಿ ಅದೇ ಮರಗಳ ಅದೇ ಎತ್ತರದ ರೆಂಬೆಯನ್ನು ಮೆಲ್ಲಗೆ ಅಲುಗಿಸಿ, ತಾನಾಗಿ ಕಳಚಿಬೀಳುವ ಹಣ್ಣೆಲೆಗಳನ್ನು ಬಟ್ಟೆಯ ಮೇಲೆ ಹಿಡಿಯಿರಿ. ಎಳೆದು ಕೀಳಬೇಡಿ: ತೊಟ್ಟಿನ ಬುಡದಲ್ಲಿ ಕಳಚುವ ಪದರ ಪೂರ್ತಿ ಆಗಿಲ್ಲದಿದ್ದರೆ ಸಾಗಾಟವೂ ಮುಗಿದಿರುವುದಿಲ್ಲ. ಪ್ರತಿ ಎಲೆಯಿಂದ ಗೊತ್ತಾದ ವಿಸ್ತೀರ್ಣದ ಬಿಲ್ಲೆ ಕತ್ತರಿಸಿ ಬೇರೆ ಇಡಿ. ಎಲ್ಲವನ್ನೂ 60–65 ಡಿಗ್ರಿಯಲ್ಲಿ 48 ಗಂಟೆ ಒಣಗಿಸಿ, ತೂಗಿ, ಪುಡಿ ಮಾಡಿ. ಸಾರಜನಕಕ್ಕೆ ಕೆಲ್ಡಾಲ್ ವಿಧಾನ ಸಾಕು. ಮಣ್ಣು, ಎಲೆ ಪರೀಕ್ಷಿಸುವ ಪ್ರಯೋಗಾಲಯಗಳಿಗೆ ಅದು ಪರಿಚಿತ.

ಎಡವುವುದು ಲೆಕ್ಕದಲ್ಲಿ. ಉದಾಹರಣೆಗೆ ಹಸಿರೆಲೆಯಲ್ಲಿ ಸಾರಜನಕ ಶೇ. 2, ಹಣ್ಣೆಲೆಯಲ್ಲಿ ಶೇ. 1 ಎಂದಿಟ್ಟುಕೊಳ್ಳಿ. ಅರ್ಧ ವಾಪಸ್ ಹೋಯಿತು ಎನ್ನಿಸುತ್ತದೆ. ಆದರೆ ಪಿಷ್ಟ, ಸಕ್ಕರೆ, ಪ್ರೋಟೀನ್ ಹೊರಟುಹೋಗಿ ಎಲೆಯ ತೂಕವೂ ಇಳಿದಿರುತ್ತದೆ. ಬಿಲ್ಲೆಯ ತೂಕ ಶೇ. 20 ಇಳಿದಿದ್ದರೆ ನಿಜವಾದ ಉತ್ತರ 1 – (1 ÷ 2) × 0.8, ಅಂದರೆ ಶೇ. 60. ಎಲೆ ಮುದುಡಿ ವಿಸ್ತೀರ್ಣವೂ ತುಸು ಕುಗ್ಗುವುದರಿಂದ ಬಿಲ್ಲೆಯ ಲೆಕ್ಕವೂ ಪರಿಪೂರ್ಣವಲ್ಲ. ತೂಕ ತಿದ್ದದೆ ಕೊಟ್ಟ ಅಂಕಿಗಿಂತ ಇದು ಎಷ್ಟೋ ವಾಸಿ.

ಇನ್ನೊಂದು ಎಡವಟ್ಟು ಮಳೆಯದು. ಪೊಟ್ಯಾಸಿಯಂ ಎಲೆಯಲ್ಲಿ ಯಾವುದಕ್ಕೂ ಬಿಗಿಯಾಗಿ ಅಂಟಿಕೊಂಡಿರುವುದಿಲ್ಲ, ಒಂದು ಜೋರು ಮಳೆಗೆ ತೊಳೆದುಹೋಗುತ್ತದೆ. ಅದನ್ನು ಮರದ ಉಳಿತಾಯವೆಂದು ಬರೆದರೆ ತಪ್ಪು. ನೆಲದ ಮೇಲೆ ಬಿದ್ದಿದ್ದ ಎಲೆ ಆರಿಸಿದರಂತೂ ಯಾವ ಅಂಕಿಯನ್ನೂ ನಂಬುವ ಹಾಗಿಲ್ಲ. ಗಾಳಿಗೆ ಹಸಿರಾಗಿಯೇ ಉದುರಿದ ಎಲೆಗಳನ್ನು, ಬಿಸಿಲ ಝಳಕ್ಕೆ ಕೊಂಬೆಯಲ್ಲೇ ಕಂದುಬಣ್ಣಕ್ಕೆ ಒಣಗಿದವನ್ನು ಬೇರೆ ಎತ್ತಿಡಿ. ಅವುಗಳಲ್ಲಿ ವಸೂಲಿ ಅರ್ಧಕ್ಕೇ ನಿಂತಿರುತ್ತದೆ.

ಸೊಪ್ಪು ಕಡಿಯುವವರು ಗಮನಿಸಬೇಕಾದ್ದು ಇಲ್ಲಿದೆ. ಹೊಂಗೆಯ ಹಸಿಸೊಪ್ಪಿನ ಒಣತೂಕದಲ್ಲಿ ಶೇ. 3ರ ಆಸುಪಾಸು ಸಾರಜನಕವಿರುತ್ತದೆ, ಗದ್ದೆಗೆ ಅದು ಒಳ್ಳೆಯ ಗೊಬ್ಬರವೇ. ಆದರೆ ಎಲೆ ಹಣ್ಣಾಗುವ ಮೊದಲೇ ಕಡಿದರೆ, ಚಿಗುರಿಗೆಂದು ಮರ ವಾಪಸ್ ಪಡೆಯಬೇಕಿದ್ದ ಪಾಲೂ ಗದ್ದೆಗೆ ಹೋಗುತ್ತದೆ. ಹೊಂಗೆ ಅದನ್ನು ಬೇರುಗಂಟಿನಿಂದ ಸ್ವಲ್ಪಮಟ್ಟಿಗೆ ತುಂಬಿಕೊಳ್ಳಬಲ್ಲದು, ಹೊಳೆಮತ್ತಿಗೆ ಆ ದಾರಿ ಇಲ್ಲ. ಗೊಬ್ಬರಕ್ಕೆ ಬೇಕಾದರೆ ಹೊಲದ ಬದುವಿನ ಹೊಂಗೆ, ಗ್ಲಿರಿಸಿಡಿಯಾ ಕಡಿಯಿರಿ. ಹೊಳೆದಂಡೆಯ ಮತ್ತಿಯನ್ನು ಕೊಡಲಿಯಿಂದ ದೂರವಿಡಿ, ಅದರ ತರಗೆಲೆಯನ್ನೂ ಪೂರ್ತಿ ಗುಡಿಸಬೇಡಿ: ಎಲೆಗೆ ಹೋದ ಕ್ಯಾಲ್ಸಿಯಂ ಹೆಚ್ಚುಕಡಿಮೆ ಎಲ್ಲ ಇರುವುದು ಆ ತರಗಿನಲ್ಲೇ.